ಕೈ ಬದಲಾದ ಗಾಡಿ, ಬದಲಾಗದ ಹೆಸರು

(ಹಾಸನದಲ್ಲಿ ಹಳೇ ಕಾರು ಕೊಂಡು ಮಾರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮೂರು ಥರದ ಜನ ಕೂತಿದ್ದೀರಿ. ಹಳೇ ಕಾರು ಕೊಂಡು, ಸಣ್ಣಪುಟ್ಟ ಕೆಲಸ ಮಾಡಿಸಿ, ತಿಂಗಳೊಳಗೆ ಮಾರುವವರು ಒಂದು ಕಡೆ. ಗಾಡಿ ಕೊಳ್ಳದೆ, ಎರಡು ಕಡೆಯವರನ್ನು ಸೇರಿಸಿ ಕಮಿಷನ್ ತಗೊಳ್ಳುವವರು ಇನ್ನೊಂದು ಕಡೆ. ಮಿಕ್ಕವರು ಸ್ವಂತಕ್ಕೆ ಕೊಂಡ ಕಾರು ಸರಿಹೋಗದೆ ಬೇಗ ಮಾರಬೇಕು ಅಂತ ಹೊರಟವರು. ಈ ಮೂವರಿಗೂ ಕಾನೂನು ಬೇರೆ, ತೆರಿಗೆ ಬೇರೆ. ತಾನು ಈ ಮೂವರಲ್ಲಿ ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳದವರೇ ಆಮೇಲೆ ಒದ್ದಾಡುತ್ತಾರೆ. ನಾನು ತೆರಿಗೆ ಲೆಕ್ಕ ನೋಡುವವನು. ನನ್ನ ಹತ್ತಿರ ಬರುವ ಗಾಡಿ ವ್ಯವಹಾರದ ತಕರಾರುಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದವು.

ನಮ್ಮ ಕಡೆ ಕಾಫಿ ದುಡ್ಡು ಕೈಗೆ ಬರುವ ಹೊತ್ತಿಗೆ ಸಕಲೇಶಪುರ, ಬೇಲೂರು, ಮೂಡಿಗೆರೆ ಸುತ್ತ ಗಾಡಿ ವ್ಯಾಪಾರ ಜೋರಾಗುತ್ತದೆ. ಕೆಎ 13ರ ಹಾಸನದ ಗಾಡಿ ಚಿಕ್ಕಮಗಳೂರಿಗೆ ಹೋಗುತ್ತದೆ, ಕೆಎ 18ರದ್ದು ಇಲ್ಲಿಗೆ ಬರುತ್ತದೆ. ಸಕಲೇಶಪುರದ ಕೆಎ 46, ತರೀಕೆರೆಯ ಕೆಎ 66 ಎಲ್ಲವೂ ಒಂದೇ ಸಂತೆಯಲ್ಲಿ ಓಡಾಡುತ್ತವೆ. ರಾಜ್ಯದೊಳಗೆ ಕೈ ಬದಲಾದರೆ ನಂಬರು ಬದಲಾಗುವುದಿಲ್ಲ, ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ. ಹೆಸರು ಮಾತ್ರ ಬದಲಾಗಬೇಕು. ಆ ಒಂದು ಕೆಲಸವನ್ನೇ ನಾವು ಬಿಡುತ್ತಿದ್ದೇವೆ.

ಹೇಗೆ ಬಿಡುತ್ತೇವೆ ಅಂತ ನಿಮಗೆಲ್ಲ ಗೊತ್ತು. ಮಾರುವವರ ಕೈಯಲ್ಲಿ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಕೊಳ್ಳುವವರ ಹೆಸರಿನ ಜಾಗ ಖಾಲಿ, ತಾರೀಖಿನ ಜಾಗವೂ ಖಾಲಿ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೆರಾಕ್ಸ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹೋಗುತ್ತವೆ. ಮುಂದಿನ ಗಿರಾಕಿ ಸಿಕ್ಕಾಗ ಕವರು ಅವನ ಕೈಗೆ. ಅವನು ಅದನ್ನು ಇನ್ನೊಬ್ಬನಿಗೆ ಕೊಟ್ಟರೂ ಕೊಟ್ಟ. ಗಾಡಿ ಮೂರು ಊರು ಸುತ್ತಿದರೂ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಇರುತ್ತದೆ. ಜಮೀನು ಕೊಂಡು ಖಾತೆ ಮಾಡಿಸಿಕೊಳ್ಳದೆ ಉಳುಮೆ ಮಾಡಿದ ಹಾಗೆ ಇದು. ಜಮೀನಾದರೂ ಇದ್ದಲ್ಲೇ ಇರುತ್ತದೆ. ಗಾಡಿ ರಸ್ತೆಗೆ ಇಳಿಯುತ್ತದೆ, ಯಾರಿಗಾದರೂ ಗುದ್ದುತ್ತದೆ.

ಮೋಟಾರು ವಾಹನ ಕಾಯ್ದೆ 1988ರ 50ನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. 29 ತಿಳಿಸುವ ಫಾರಂ, 30 ವರ್ಗಾವಣೆಯ ಫಾರಂ. ಎಷ್ಟು ಬೇಗ ಮರುಮಾರಾಟ ಮಾಡಿದರೂ ಈ ದಿನಗಳ ಲೆಕ್ಕದಿಂದ ವಿನಾಯಿತಿ ಇಲ್ಲ. ಕೇಂದ್ರದ ನಿಯಮದಲ್ಲಿ ಕಾರಿನ ಹೆಸರು ವರ್ಗಾವಣೆಯ ಮೂಲ ಶುಲ್ಕ 300 ರೂಪಾಯಿ. ಸ್ಮಾರ್ಟ್ ಕಾರ್ಡು, ಓಡಾಟ, ಏಜೆಂಟರ ಖರ್ಚು ಎಲ್ಲ ಸೇರಿದರೂ ನಾಲ್ಕೈದು ಲಕ್ಷದ ಗಾಡಿಗೆ ಅದು ದೊಡ್ಡ ಮೊತ್ತವಲ್ಲ.

ಈಗ ಅಪಘಾತದ ಮಾತಿಗೆ ಬರುತ್ತೇನೆ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣ ಅದು. ಗಾಡಿಯನ್ನು ಮೊದಲ ಮಾಲೀಕರು 2007ರಲ್ಲಿ ಮಾರಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ನವೀನ್ ಕುಮಾರ್ ಕೈಗೂ ಬಂತು. 2009ರಲ್ಲಿ ಅಪಘಾತ ಆಯಿತು. ಮಧ್ಯದಲ್ಲಿ ಯಾರೂ ಹೆಸರು ಬದಲಾಯಿಸಿರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆ ಅವರದೇ ಎಂದು ಕೋರ್ಟ್ ಹೇಳಿತು. ಅಪಘಾತದಲ್ಲಿ ನೊಂದವರು ಗಾಡಿ ಎಷ್ಟು ಕೈ ದಾಟಿದೆ ಎಂದು ಹುಡುಕಿಕೊಂಡು ಅಲೆಯುವಂತೆ ಆಗಬಾರದು ಎಂಬುದು ಕೋರ್ಟಿನ ಕಾಳಜಿ. ನನಗೆ ಅದು ಸರಿಯಾಗಿಯೇ ಕಾಣುತ್ತದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ನಮ್ಮ ಪ್ಲಾಸ್ಟಿಕ್ ಕವರಿನ ಜಾಡು ಹಿಡಿದು ಯಾಕೆ ಓಡಾಡಬೇಕು?

ಆದರೆ ಗಾಡಿ ಮಾರಿ ಕೈ ತೊಳೆದುಕೊಂಡೆ ಅಂದುಕೊಂಡಿದ್ದ ಆ ಮೊದಲ ಮಾಲೀಕರ ಸ್ಥಿತಿ ಯೋಚಿಸಿ. ಅವರು ನಿಮ್ಮನ್ನು ನಂಬಿ ಖಾಲಿ ಫಾರಂಗೆ ಸಹಿ ಹಾಕಿದವರು. ನಿವೃತ್ತ ಮೇಷ್ಟ್ರು ಇರಬಹುದು, ತೋಟದ ರೈಟರ್ ಇರಬಹುದು.

ಅಪಘಾತವೇ ಆಗಬೇಕೆಂದಿಲ್ಲ. ಕೊಂಡವರ ಮನೆಯ 17 ವರ್ಷದ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದ ಅಂತ ಇಟ್ಟುಕೊಳ್ಳಿ. 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪ್ರಕಾರ ಪೋಷಕರ ಜೊತೆಗೆ ವಾಹನದ ಮಾಲೀಕರ ಮೇಲೂ ಕೇಸು ಬರಬಹುದು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ನನಗೆ ಗೊತ್ತಿಲ್ಲದೆ ನಡೆದದ್ದು ಎಂದು ತೋರಿಸಿಕೊಡುವ ಭಾರವೂ ಅವರ ಮೇಲೆಯೇ. ಮಾಲೀಕರು ಅಂದರೆ ಮತ್ತೆ ಆರ್‌ಸಿಯಲ್ಲಿರುವ ಹೆಸರು. ಕ್ಯಾಮೆರಾ ಹಿಡಿದ ಸ್ಪೀಡಿಂಗ್ ಚಲನ್ ಹೋಗುವುದೂ ಅದೇ ಹೆಸರಿಗೆ. ಫಾಸ್ಟ್ಯಾಗ್ ತೆಗೆಯದೆ ಕೊಟ್ಟರೆ ಶಾಂತಿಗ್ರಾಮದ ಟೋಲಿನಲ್ಲಿ ಗಾಡಿ ದಾಟಿದಾಗಲೆಲ್ಲ ಹಳಬರ ಖಾತೆಯಿಂದ ದುಡ್ಡು ಕಡಿತ. ಡೆಲಿವರಿ ಕೊಟ್ಟ ದಿನವೇ ಟ್ಯಾಗ್ ಮುಚ್ಚಿಸಿ. ಹಳೇದು ಮುಚ್ಚದಿದ್ದರೆ ಆ ಗಾಡಿಗೆ ಹೊಸದು ತಗೊಳ್ಳುವುದೂ ಕಷ್ಟ.

ಇಷ್ಟೆಲ್ಲ ಗೊತ್ತಿದ್ದೂ ನೀವು ಹೆಸರು ಬದಲಾಯಿಸುವುದಿಲ್ಲ. ಕಾರಣ ಸೋಮಾರಿತನ ಅಲ್ಲ, ಅದು ನನಗೆ ಗೊತ್ತು. ನಿಮ್ಮ ಹೆಸರಿಗೆ ಬಂದ ಕೂಡಲೇ ಗಾಡಿ ಸೆಕೆಂಡ್ ಓನರ್ ಆಗುತ್ತದೆ. ನಿಮ್ಮಿಂದ ಕೊಂಡವನು ಥರ್ಡ್ ಓನರ್. ಗಿರಾಕಿ ಮೊದಲು ಕೇಳುವ ಪ್ರಶ್ನೆಯೇ ಎಷ್ಟನೇ ಓನರ್ ಅಂತ. ಒಂದು ನಂಬರು ಹೆಚ್ಚಾದರೆ ಬೆಲೆ ಇಳಿಯುತ್ತದೆ. ಇದು ನಿಮ್ಮ ಹೊಟ್ಟೆಪಾಡಿನ ಪ್ರಶ್ನೆ, ಒಪ್ಪುತ್ತೇನೆ.

ಈ ತೊಂದರೆಗೆ ಸರಕಾರವೇ ದಾರಿ ಮಾಡಿಕೊಟ್ಟಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಳೇ ವಾಹನ ಕೊಂಡು ಮಾರುವವರು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಡೀಲರ್ ಎಂಬ ಪ್ರಮಾಣಪತ್ರ ಪಡೆಯಬಹುದು. 5 ವರ್ಷ ನಡೆಯುತ್ತದೆ. ಮಾಲೀಕರು ಗಾಡಿಯನ್ನು ಡೀಲರಿಗೆ ಒಪ್ಪಿಸಿದಾಗ ಫಾರಂ 29ಸಿ ಮೂಲಕ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮುಂದಕ್ಕೆ ಡೀಲರನ್ನೇ ಮಾಲೀಕ ಎಂದು ಪರಿಗಣಿಸುತ್ತಾರೆ. ಗಾಡಿ ನಿಮ್ಮ ಅಂಗಳದಲ್ಲಿರುವಷ್ಟು ದಿನ ಹೊಣೆ ನಿಮ್ಮದು. ಮಾರಿದವರು ನೆಮ್ಮದಿಯಾಗಿ ಮನೆಗೆ ಹೋಗಬಹುದು. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಡೂಪ್ಲಿಕೇಟ್ ಆರ್‌ಸಿ, ಹೆಸರು ವರ್ಗಾವಣೆಗೆ ನೀವೇ ಅರ್ಜಿ ಹಾಕಬಹುದು. ಪ್ರತಿ ಸಲ ಹಳೇ ಮಾಲೀಕರನ್ನು ಹುಡುಕಿಕೊಂಡು ಹೋಗುವ ಕಷ್ಟ ತಪ್ಪುತ್ತದೆ.

ಅದಕ್ಕೆ ಕಟ್ಟುಪಾಡೂ ಇದೆ. ಟ್ರಯಲ್, ರಿಪೇರಿ, ಪೇಂಟಿಂಗ್, ತಪಾಸಣೆ ಇಂಥ ಕೆಲಸಕ್ಕೆ ಬಿಟ್ಟರೆ ಆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಪ್ರತಿ ಓಡಾಟವನ್ನೂ ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರಿನಲ್ಲಿ ಬರೆಯಬೇಕು. ಸ್ಟಾಕಿಗೆ ಬಂದ ಜೀಪಿನಲ್ಲಿ ಮುಳ್ಳಯ್ಯನಗಿರಿ ಸುತ್ತಿ ಬರುವುದು ಇಲ್ಲಿ ನಡೆಯುವುದಿಲ್ಲ. ಇದನ್ನೇ ಕಸುಬು ಮಾಡಿಕೊಂಡವರು ಈ ಪ್ರಮಾಣಪತ್ರ ಮಾಡಿಸಿಕೊಳ್ಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವರ್ಷಕ್ಕೆ ಒಂದೋ ಎರಡೋ ಗಾಡಿ ಮಾರುವವರು ತಮ್ಮ ಹೆಸರಿಗೇ ಮಾಡಿಸಿಕೊಂಡು ಮಾರಲಿ. ಕಮಿಷನ್ ಮಾತ್ರ ತಗೊಳ್ಳುವವರಾದರೆ ದುಡ್ಡು ನಿಮ್ಮ ಖಾತೆಗೆ ಬರಬಾರದು. ಕೊಳ್ಳುವವರಿಂದ ನೇರವಾಗಿ ಮಾರುವವರ ಖಾತೆಗೆ ಹೋಗಲಿ, ನಿಮ್ಮ ಕಮಿಷನ್ನಿಗೆ ಬೇರೆ ರಸೀದಿ ಇರಲಿ. ಈ ಮೂರು ದಾರಿ ಬಿಟ್ಟು ನಾಲ್ಕನೆಯದು ಇಲ್ಲ.

ಇನ್ಶೂರೆನ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗಾಡಿ ವರ್ಗಾವಣೆಯಾದರೆ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ಹೊಸ ಮಾಲೀಕರಿಗೆ ಹೋಯಿತು ಎಂದು ಕಾನೂನು ಭಾವಿಸುತ್ತದೆ. ಸ್ವಂತ ಗಾಡಿಯ ಡ್ಯಾಮೇಜಿಗೆ ಈ ಅನುಕೂಲ ಇಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗಾಡಿ ಜಾರಿ ಬಿದ್ದ ಮೇಲೆ ಹಳಬರ ಹೆಸರಿನ ಪಾಲಿಸಿ ಹಿಡಿದು ಹೋದರೆ ಕ್ಲೇಮು ಸಿಗುವುದಿಲ್ಲ. ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮನುಷ್ಯನದು. ಮಾರುವವರು ಅದರ ಪತ್ರ ಪಡೆದು ಹೊಸ ಗಾಡಿಗೆ ಬಳಸಿಕೊಳ್ಳಲಿ. ಶೇ 50ರವರೆಗೆ ಸಿಗುವ ರಿಯಾಯಿತಿ ಅದು, ಸುಮ್ನೆ ಬಿಡಬೇಡಿ.

ಈಗ ತೆರಿಗೆ. ಮೊದಲು ಸ್ವಂತಕ್ಕೆ ಇಟ್ಟುಕೊಂಡವರ ವಿಷಯ. ನಿಮ್ಮ ಮನೆಯ ಬಳಕೆಗೆ ಕೊಂಡ ಕಾರನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿ ಎಂದು ನೋಡುವುದಿಲ್ಲ. ಅಪ್ಪಿತಪ್ಪಿ ಕೊಂಡ ಬೆಲೆಗಿಂತ ಜಾಸ್ತಿಗೆ ಮಾರಿದರೂ ಆ ಲಾಭಕ್ಕೆ ತೆರಿಗೆ ಇಲ್ಲ. ನಷ್ಟವಾದರೆ ಅದನ್ನು ಬೇರೆಲ್ಲೂ ಕಳೆದುಕೊಳ್ಳಲೂ ಆಗುವುದಿಲ್ಲ. ಜಿಎಸ್‌ಟಿಯೂ ಇಲ್ಲ. 2024ರ ಡಿಸೆಂಬರಿನಲ್ಲಿ ಹಳೇ ಕಾರಿಗೆ ಶೇ 18 ಜಿಎಸ್‌ಟಿ ಅಂತ ಸುದ್ದಿ ಬಂದಾಗ ಬಹಳ ಜನ ಗಾಬರಿಯಾದರು. ಮನೆಯ ಕಾರು ಮಾರುವ, ನೋಂದಣಿ ಇಲ್ಲದ ಸಾಮಾನ್ಯರಿಗೂ ಅದಕ್ಕೂ ಸಂಬಂಧ ಇಲ್ಲ.

ಆದರೆ ಸ್ವಂತ ಬಳಕೆ ಅನ್ನುವುದು ನಿಜವಾಗಿರಬೇಕು. ಮಾರುವ ಉದ್ದೇಶದಿಂದಲೇ ಕೊಂಡು, ಒಂದಾದ ಮೇಲೊಂದು ಮಾರುತ್ತಾ ಹೋದರೆ ಅದು ವ್ಯಾಪಾರ. ಆ ಲಾಭ ವ್ಯಾಪಾರದ ಆದಾಯ. ತೋಟ ಇರುವವರಿಗೆ ಒಂದು ಮಾತು. ಕಾಫಿಯ ಆದಾಯಕ್ಕೆ ಇರುವ ಲೆಕ್ಕವೇ ಬೇರೆ. ಕಾರು ಮಾರಿ ಬಂದ ಲಾಭವನ್ನು ಅದರೊಳಗೆ ಸೇರಿಸಿ ಕೃಷಿ ಆದಾಯ ಎಂದು ತೋರಿಸಬೇಡಿ.

ವ್ಯಾಪಾರ ಮಾಡುವವರಿಗೆ ಜಿಎಸ್‌ಟಿ ಹೇಗೆ? ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಕಮಿಷನ್ ಸೇವೆಯ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ ಮಿತಿ 20 ಲಕ್ಷ. ಹೊರರಾಜ್ಯಕ್ಕೆ ಸರಕು ಮಾರುವವರಿಗೆ 40 ಲಕ್ಷದ ಮಿತಿಯ ಅನುಕೂಲ ಇಲ್ಲ, ಮೊದಲೇ ನೋಂದಣಿ ಬೇಕು. 2025ರ ಜನವರಿ 16ರಿಂದ ಹಳೇ ವಾಹನಗಳಿಗೆಲ್ಲ ಶೇ 18. ಅದಕ್ಕೆ ಮುಂಚೆ ಸಣ್ಣ ಕಾರುಗಳಿಗೆ ಶೇ 12 ಇತ್ತು. ಈ ತೆರಿಗೆ ಪೂರ್ತಿ ಬೆಲೆಯ ಮೇಲೆ ಬರುವುದಿಲ್ಲ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸದ, ಅಂದರೆ ಮಾರ್ಜಿನ್ನಿನ ಮೇಲೆ ಮಾತ್ರ.

ಲೆಕ್ಕ ಹಾಕಿ ನೋಡೋಣ. 4,00,000ಕ್ಕೆ ಕೊಂಡಿರಿ. ಟೈರು, ಟಿಂಕರಿಂಗ್ ಅಂತ 30,000 ಖರ್ಚಾಯಿತು. ತೆರಿಗೆ ಬಿಟ್ಟು 4,60,000ಕ್ಕೆ ಮಾರಿದಿರಿ. ನಿಮ್ಮ ಮನಸ್ಸಿನ ಲಾಭ 30,000. ಜಿಎಸ್‌ಟಿಗೆ ಮಾರ್ಜಿನ್ 60,000. ರಿಪೇರಿ ಖರ್ಚನ್ನು ಅಲ್ಲಿ ಕಳೆಯುವುದಿಲ್ಲ. ಶೇ 18 ಅಂದರೆ 10,800. ಗಿರಾಕಿ ಅದನ್ನು ಬೇರೆಯಾಗಿ ಕೊಡಲು ಒಪ್ಪದಿದ್ದರೆ ನಿಮ್ಮ ಲಾಭದಲ್ಲೇ ಹೋಗುತ್ತದೆ. ಹಾಗಾಗಿ ಗಾಡಿಗೆ ಬೆಲೆ ಕಟ್ಟುವಾಗಲೇ ಇದನ್ನು ಸೇರಿಸಿಕೊಳ್ಳಿ. ಇನ್ನೊಂದು ವಿಷಯ. ಒಂದು ಗಾಡಿಯಲ್ಲಿ ನಷ್ಟವಾದರೆ ಅದಕ್ಕೆ ಜಿಎಸ್‌ಟಿ ಇಲ್ಲ, ಅಷ್ಟೇ. ಆ ನಷ್ಟವನ್ನು ಇನ್ನೊಂದು ಗಾಡಿಯ ಮಾರ್ಜಿನ್ನಿನಲ್ಲಿ ಕಳೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಆಗ ಹಳೇ ಸ್ಟಾಕನ್ನು ನಷ್ಟಕ್ಕೆ ಮಾರಬೇಕಾಗಿ ಬಂದವರಿಗೆ ಇದರ ಬಿಸಿ ತಟ್ಟಿತು. ಆದಾಯ ತೆರಿಗೆಯಲ್ಲಿ ಹಾಗಿಲ್ಲ. ಅಲ್ಲಿ ವರ್ಷದ ಒಟ್ಟು ಲಾಭ ನಷ್ಟ ಒಟ್ಟಿಗೇ ಬರುತ್ತದೆ, ರಿಪೇರಿ ಖರ್ಚೂ ಕಳೆಯುತ್ತದೆ, ಬಿಲ್ಲು ಇದ್ದರೆ.

ಖಾಲಿ ಫಾರಂ ವ್ಯಾಪಾರ ತೆರಿಗೆಯಲ್ಲೂ ಹೊಡೆಯುವುದು ಇಲ್ಲೇ. ಮಾರ್ಜಿನ್ ಮೇಲೆ ಮಾತ್ರ ತೆರಿಗೆ ಕಟ್ಟುತ್ತೇನೆ ಅನ್ನಬೇಕಾದರೆ ಕೊಂಡ ಬೆಲೆಯನ್ನು ತೋರಿಸಬೇಕು. ನೀವು ಕೊಂಡೇ ಇಲ್ಲ ಎನ್ನುವ ಹಾಗೆ ಕಾಗದ ಮಾಡಿದ್ದೀರಿ. ಖಾತೆಗೆ ಮಾತ್ರ 4,60,000 ಬಂದಿದೆ. ನೋಟಿಸು ಬಂದಾಗ 4,00,000 ಯಾರಿಗೆ ಕೊಟ್ಟಿರಿ, ಯಾವಾಗ ಕೊಟ್ಟಿರಿ ಅಂತ ಕೇಳುತ್ತಾರೆ. ನಗದಾಗಿ ಕೊಟ್ಟೆ ಎಂದರೆ ಇನ್ನೂ ಕಷ್ಟ. ವ್ಯಾಪಾರಕ್ಕೆ ಕೊಂಡ ಸರಕಿಗೆ ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲವೇ ವಿನಾಯಿತಿ ಬಿಟ್ಟು. ಹಾಗೇ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತಗೊಂಡರೆ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇವತ್ತು ಒಂದೂವರೆ, ನಾಳೆ ಒಂದೂವರೆ ಎಂದು ಮುರಿದು ಕೊಟ್ಟರೂ ಗಾಡಿ ಒಂದೇ, ವ್ಯವಹಾರವೂ ಒಂದೇ. ಯುಪಿಐ, ಆರ್‌ಟಿಜಿಎಸ್, ಚೆಕ್ಕು ಯಾವುದಾದರೂ ಸರಿ, ಬ್ಯಾಂಕಿನಲ್ಲಿ ಗುರುತು ಇರಲಿ.

ಲೆಕ್ಕ ಬರೆಯುವುದೇ ಬೇಡ, ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುತ್ತೇನೆ ಎನ್ನುವವರೂ ಇದ್ದಾರೆ. 2 ಕೋಟಿವರೆಗಿನ ವಹಿವಾಟಿಗೆ ಆ ಅವಕಾಶ ಇದೆ. ವಹಿವಾಟಿನ ಶೇ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6 ಲಾಭ ಎಂದು ತೋರಿಸಬೇಕು. ಆದರೆ ನಿಮ್ಮ ಕಸುಬಿಗೆ ಇದು ದುಬಾರಿಯಾಗಬಹುದು. 5 ಲಕ್ಷದ ಗಾಡಿಯಲ್ಲಿ ನಿಮಗೆ ಉಳಿಯುವುದು 20,000 ಆದರೆ ಅದು ಶೇ 4. ಈ ಪದ್ಧತಿಯಲ್ಲಿ 30,000 ಎಂದು ತೋರಿಸಬೇಕಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಗಾಡಿಗೊಂದು ಪುಟ ಇಟ್ಟು ಬರೆದರೆ ಈ ಹೊರೆ ತಪ್ಪುತ್ತದೆ. ಕಮಿಷನ್ ಆದಾಯಕ್ಕಂತೂ ಈ ಪದ್ಧತಿ ಅನ್ವಯಿಸುವುದೇ ಇಲ್ಲ.

ಇನ್ನು ಪ್ರಶ್ನೆಗಳು.

ಸಕಲೇಶಪುರದ ಹೋಂಸ್ಟೇ ಮಾಲೀಕರೊಬ್ಬರು ಕೇಳಿದರು: “ಸಾರ್, ನನ್ನ ಜೀಪು ಬಿಸಿನೆಸ್ ಲೆಕ್ಕದಲ್ಲಿದೆ, ಜಿಎಸ್‌ಟಿ ನಂಬರೂ ಇದೆ. ಮಾರಿದರೆ ಹೇಗೆ?”

ಪ್ರತಿ ವರ್ಷ ಸವಕಳಿ ತೋರಿಸಿದ್ದರೆ, ಕೊಂಡ ಬೆಲೆಯ ಬದಲು ಸವಕಳಿ ಕಳೆದು ಉಳಿದ ಮೌಲ್ಯವನ್ನು ಹಿಡಿಯಬೇಕು. 12 ಲಕ್ಷದ ಜೀಪು ಪುಸ್ತಕದಲ್ಲಿ ಈಗ 7 ಲಕ್ಷ ಇದೆ ಎಂದುಕೊಳ್ಳಿ. ಆರೂವರೆಗೆ ಮಾರಿದರೆ ಜಿಎಸ್‌ಟಿ ಇಲ್ಲ. 8 ಲಕ್ಷಕ್ಕೆ ಮಾರಿದರೆ 1 ಲಕ್ಷದ ಮೇಲೆ ಶೇ 18, ಅಂದರೆ 18,000. ಕೊಂಡಾಗ ಆ ಜೀಪಿನ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದರೆ, ಅಂದರೆ ಆಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದರೆ, ಈ ರಿಯಾಯಿತಿ ಲೆಕ್ಕ ಸಿಗುವುದಿಲ್ಲ, ಅದನ್ನು ನೋಡಿಕೊಳ್ಳಿ.

ಇನ್ನೊಬ್ಬರು ದೆಹಲಿಯಿಂದ ಅಗ್ಗಕ್ಕೆ ಸಿಗುವ ಡೀಸೆಲ್ ಗಾಡಿಗಳ ಬಗ್ಗೆ ಕೇಳಿದರು. ಬೇಗ ಮಾರುವ ಉದ್ದೇಶ ಇದ್ದರೆ ನಾನು ಬೇಡ ಎನ್ನುತ್ತೇನೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಬರಬೇಕು. ಇಲ್ಲಿ ಹೊಸ ನಂಬರು ಆಗಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ ಆ ತೆರಿಗೆ ಎಷ್ಟು ಭಾರ ಅಂತ ನಿಮಗೇ ಗೊತ್ತು. ಇದೆಲ್ಲ ಮುಗಿಯುವವರೆಗೆ ನಿಮ್ಮ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಅಗ್ಗ ಅಂತ ಕಂಡದ್ದು ನಂಬರು ಆಗುವ ಹೊತ್ತಿಗೆ ಅಗ್ಗವಾಗಿ ಉಳಿದಿರುವುದಿಲ್ಲ.

“ಸಾಲ ತೀರಿದೆ ಅಂತಾರೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ತಗೋಬಹುದಾ?” ಅಂತ ಒಬ್ಬ ಹುಡುಗ ಕೇಳಿದ.

ಸಾಲ ತೀರಿದ ಮಾತ್ರಕ್ಕೆ ಎಚ್‌ಪಿ, ಅಂದರೆ ಆರ್‌ಸಿಯಲ್ಲಿ ಬರೆದ ಬ್ಯಾಂಕಿನ ಸಾಲದ ನಮೂದು, ತಾನಾಗಿ ಹೋಗುವುದಿಲ್ಲಪ್ಪ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಎಚ್‌ಪಿ ಕ್ಯಾನ್ಸಲ್ ಮಾಡಿಸಬೇಕು. ಅದು ಆಗುವವರೆಗೆ ಅಡ್ವಾನ್ಸ್ ಮಾತ್ರ ಕೊಡು, ಪೂರ್ತಿ ಕೊಡಬೇಡ. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ನಕಲು, ತೆಗೆಸಿದರೆ ಎಷ್ಟನೇ ಓನರ್, ಸಾಲ ಇದೆಯಾ ಎಲ್ಲ ಗೊತ್ತಾಗುತ್ತದೆ. ಬಾಕಿ ಚಲನ್ನುಗಳನ್ನೂ ನೋಡಿಕೋ. ಮಾರುವವರ ಆಧಾರಿಗೆ, ‘ವಾಹನ್’ ಎಂಬ ಸರಕಾರಿ ಆನ್‌ಲೈನ್ ನೋಂದಣಿ ದಾಖಲೆಗೆ ಅವರ ಈಗಿನ ಮೊಬೈಲ್ ನಂಬರು ಸೇರಿದೆಯಾ ಅಂತ ಅಂದೇ ಕೇಳು. ಒಟಿಪಿ ಬರುವುದು ಅದಕ್ಕೇ. ಎಷ್ಟೋ ವರ್ಗಾವಣೆ ಈ ಒಂದು ಕಾರಣಕ್ಕೆ ನಿಂತುಹೋಗುತ್ತವೆ.

ಕೊನೆಗೆ ಆಲೂರು ಕಡೆಯ ಹೆಣ್ಣುಮಗಳೊಬ್ಬರು ಎದ್ದು ನಿಂತರು. ಅವರ ತಂದೆ ತೀರಿಕೊಂಡಿದ್ದಾರೆ. ಕಾರು ತಂದೆಯ ಹೆಸರಿನಲ್ಲಿದೆ. ಮನೆಯಲ್ಲಿ ಓಡಿಸುವವರಿಲ್ಲ, ಬೇಗ ಮಾರಬೇಕು. ಕೊಳ್ಳಲು ಬಂದವರು ಹಳೇ ತಾರೀಖು ಹಾಕಿ 29, 30ಕ್ಕೆ ತಂದೆಯ ಹಾಗೆ ಸಹಿ ಮಾಡಿಕೊಡಿ ಸಾಕು ಎಂದಿದ್ದಾರಂತೆ.

ದಯವಿಟ್ಟು ಹಾಗೆ ಮಾಡಬೇಡಿ ತಾಯಿ. ತೀರಿಹೋದವರ ಸಹಿ ಹಾಕುವುದು ಫೋರ್ಜರಿ, ಕ್ರಿಮಿನಲ್ ಕೇಸು ಆಗುತ್ತದೆ. ನಿಮಗೆ ಸರಿಯಾದ ದಾರಿಯೇ ಇದೆ. ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್, ವಾರಸುದಾರರ ದಾಖಲೆ ಬೇಕು. 2021ರಿಂದ ಆರ್‌ಸಿಯಲ್ಲಿ ನಾಮಿನಿ ಬರೆಸಲು ಅವಕಾಶ ಇದೆ. ತಂದೆಯವರು ಬರೆಸಿದ್ದರೆ ಕೆಲಸ ಇನ್ನೂ ಸುಲಭ. ನಿಮ್ಮ ಅಮ್ಮನ ಹೆಸರಿಗೋ ನಿಮ್ಮ ಹೆಸರಿಗೋ ಮೊದಲು ಬರಲಿ, ಆಮೇಲೆ ಮಾರಿ. ಅದುವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ, ಯಾರಿಗೂ ಕೀ ಕೊಡಬೇಡಿ. ಕಾಗದಗಳನ್ನು ಹಿಡಿದು ನಾಳೆ ಬೆಳಗ್ಗೆ ನನ್ನ ಆಫೀಸಿಗೆ ಬನ್ನಿ, ಅರ್ಜಿ ತುಂಬಿಸಿ ಕೊಡುತ್ತೇನೆ.